ಕ್ಲಿಪ್ಪಿನ ಕೆಳಗಿನ ಅಕ್ಷರ

ಹೆಣ ಕೊಯ್ಯುವ ಕೋಣೆಯಲ್ಲಿ ಎರಡು ಸಲ, ವಾರ್ಡಿನಲ್ಲಿ ಒಂದು ಸಲ ತಲೆ ತಿರುಗಿ ಬಿದ್ದಿದ್ದ ಗುಬ್ಬಿಗೆ ಎಕ್ಸ್‌ರೇ ವಿಭಾಗ ಕಾಲಿಟ್ಟ ಕೂಡಲೇ ಇಷ್ಟವಾಯಿತು. ಅರೆಗತ್ತಲೆ, ಹಳೇ ಫ್ಯಾನಿನ ಕಿರಕಿರ, ಗೋಡೆಯ ಮೇಲೆ ಬೆಳಕಿನ ಪೆಟ್ಟಿಗೆ. ರಕ್ತವಿಲ್ಲ, ನರಳಾಟವಿಲ್ಲ, ಕೈ ಹಿಡಿದು "ಉಳೀತೀನಾ ತಾಯಿ?" ಎಂದು ಕೇಳುವವರಿಲ್ಲ.

ಗುಬ್ಬಿ ಎಂದು ಕರೆದವನು ಬಸ್ ಓಡಿಸುವ ಅಣ್ಣ. ಚಿಕ್ಕಂದಿನಲ್ಲಿ ಬಾಗಿಲು ಬಡಿದುಕೊಂಡರೂ ಅಮ್ಮನ ಬೆನ್ನಿಗೆ ಅಂಟಿಕೊಳ್ಳುತ್ತಿದ್ದಳಂತೆ. ಹೆಸರು ಮನೆ ದಾಟಿ ಕಾಲೇಜಿಗೂ ಬಂದು ಕೂತಿತ್ತು. ಅಂದು ಬೆಳಿಗ್ಗೆಯೂ ಅವನು ಷೂ ಲೇಸು ಕಟ್ಟುತ್ತಾ ಛೇಡಿಸಿದ್ದ: "ಡಾಕ್ಟರಾಗಿ ರೋಗಿಗೇ ಹೆದರಿದ್ರೆ ಹೆಂಗೇ? ನಾನು ಪ್ಯಾಸೆಂಜರ್‌ಗೆ ಹೆದರಿ ಖಾಲಿ ಬಸ್ ಓಡಿಸಿದ ಹಾಗಾಯ್ತು."

"ರೋಗೀನ ಮುಟ್ಟದೇ ಇರೋ ಕೆಲಸಾನೂ ಇದೆ ಕಣೋ," ಎಂದು ಗುಬ್ಬಿ ಹೊರಟುಬಂದಿದ್ದಳು.

ಮುಂದೆ ಯಾವ ಶಾಖೆ ಹಿಡಿಯಬಹುದೆಂದು ತೋರಿಸಲು ವಿದ್ಯಾರ್ಥಿಗಳನ್ನು ಒಂದೊಂದು ವಿಭಾಗಕ್ಕೆ ಅರ್ಧ ದಿನ ಕಳಿಸುವುದು ಆ ಆಸ್ಪತ್ರೆಯ ಪದ್ಧತಿ. ಎಕ್ಸ್‌ರೇ ವಿಭಾಗದ ಮುಖ್ಯಸ್ಥೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಸಿಡಿಲಮ್ಮ. ಇಪ್ಪತ್ತೆಂಟು ವರ್ಷ ಫಿಲ್ಮ್ ಓದಿದವರು. ಅವರು ಒಮ್ಮೆ ಹೇಳಿದರೆ ಇಡೀ ಆಸ್ಪತ್ರೆ ಪಿಟ್ಟೆನ್ನುತ್ತಿರಲಿಲ್ಲ.

ಹೊಸಬರು ಬಂದಾಗಲೆಲ್ಲ ಅವರದ್ದು ಒಂದು ಆಟವಿತ್ತು. ಎದೆಯ ಫಿಲ್ಮನ್ನು ಬೇಕೆಂದೇ ಹಿಂದುಮುಂದಾಗಿ ಸಿಕ್ಕಿಸಿ, "ಏನು ಕಾಣುತ್ತೆ?" ಎನ್ನುವುದು. ಎಂಟು ಜನವೂ ಕಣ್ಣು ಕಣ್ಣು ಬಿಟ್ಟರು.

"ಹೃದಯ ಬಲಗಡೆಗೆ ಹೋಗಿ ಕೂತಿದೆ, ಒಬ್ಬರಿಗೂ ಕಾಣಲ್ಲ!" ಎಂದು ಸಿಡಿಲಮ್ಮ ನಕ್ಕರು. "ಈ ಹಾಳೆ ಎರಡೂ ಮಗ್ಗುಲಲ್ಲಿ ಒಂದೇ ಥರ ಇರುತ್ತೆ. ರೋಗಿ ನಿಮ್ಮೆದುರು ನಿಂತ ಹಾಗೆ ನೋಡಬೇಕು, ಅವನ ಎಡ ನಿಮ್ಮ ಬಲಕ್ಕೆ. ಅನುಮಾನ ಬಂದ್ರೆ ಮೂಲೆಯಲ್ಲಿ ಸೀಸದ ಅಕ್ಷರ ಇರುತ್ತೆ. ಅದು ನೆಟ್ಟಗಿದ್ರೆ ಫಿಲ್ಮೂ ನೆಟ್ಟಗಿದೆ ಅಂತ. ಸರಿ, ಈ ಶಾಖೆಗೆ ಯಾರು ಬರ್ತೀರಿ?"

ಏಳು ಜನ ತಮ್ಮ ಷೂ ನೋಡಿಕೊಂಡರು. ಎದ್ದದ್ದು ಗುಬ್ಬಿಯ ಕೈ ಒಂದೇ.

"ಯಾಕಮ್ಮಾ?"

"ಇಲ್ಲಿ... ಶಾಂತವಾಗಿದೆ ಮೇಡಂ."

"ಇಲ್ಲಿ ಯಾರೂ ಸಾಯಲ್ಲ ಅಂತಾನಾ?" ಎಲ್ಲರೂ ನಕ್ಕರು. "ಬಾ, ಬಾ. ಇವತ್ತು ಫಿಲ್ಮ್ ಹಾಕೋ ಕೆಲಸ ನಿನ್ನದು."

ಅಷ್ಟರಲ್ಲಿ ಎಕ್ಸ್‌ರೇ ತೆಗೆಯುವ, ಎಲ್ಲರೂ ಅಣ್ಣ ಎಂದೇ ಕರೆಯುವ ಟೆಕ್ನಿಷಿಯನ್ ಬಾಗಿಲು ತಳ್ಳಿಕೊಂಡು ಬಂದ. ಇನ್ನೂ ಪೂರ್ತಿ ಆರದ ಫಿಲ್ಮು, ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. "ಎಮರ್ಜೆನ್ಸಿದು ಮೇಡಂ, ಬೇಗ," ಎಂದು ಗುಬ್ಬಿಯ ಕೈಗಿತ್ತು, ಮುಂದಿನದನ್ನು ತೊಳೆಯಲು ಪಕ್ಕದ ಕತ್ತಲೆ ಕೋಣೆಗೆ ಓಡಿದ. ಎಂಟು ಜೋಡಿ ಕಣ್ಣು, ಜಾರುವ ಹಾಳೆ, ನಡುಗುವ ಬೆರಳು. ಗುಬ್ಬಿ ಹೇಗೋ ಅದನ್ನು ಕ್ಲಿಪ್ಪಿಗೆ ಸಿಕ್ಕಿಸಿ ಹಿಂದೆ ಸರಿದಳು.

ಸಿಡಿಲಮ್ಮ ಪಾಠದ ಹುಮ್ಮಸ್ಸಿನಲ್ಲಿದ್ದರು. "ನೋಡಿ, ಹೃದಯ ಎಡಕ್ಕೇ ಇದೆ. ಬಲಗಡೆ ನೋಡಿ, ಬರೀ ಕಪ್ಪು. ಗಾಳಿ ತುಂಬಿಕೊಂಡು ಶ್ವಾಸಕೋಶ ಮುದುಡಿಹೋಗಿದೆ. ಈಗಲೇ ಪಕ್ಕೆಗೆ ತೂತು ಮಾಡಿ ನಳಿಕೆ ಹಾಕದಿದ್ರೆ ಆಸಾಮಿ ಉಳಿಯಲ್ಲ." ಮೂರು ಸಲ ಕಣ್ಣು ಮಿಟುಕಿಸುವಷ್ಟೂ ಹೊತ್ತಾಗಿರಲಿಲ್ಲ. ಫೋನೆತ್ತಿ, "ಬಲಗಡೆ. ತಡ ಮಾಡಬೇಡಿ," ಎಂದು ಕುಕ್ಕಿದರು. ಎಂಟೂ ಜನ ಬೆರಗಾಗಿ ನಿಂತರು.

ಎಕ್ಸ್‌ರೇ ಅಣ್ಣ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು, ಹತ್ತಿರವಿದ್ದ ಗುಬ್ಬಿಗೆ ಮೆಲ್ಲಗೆ ಹೇಳಿದ: "ಬಣ್ಣ ಹೊಡೆಯೋರಂತೆ ಪಾಪ, ಏಣಿಯಿಂದ ಬಿದ್ದಿದ್ದಾರೆ. ಎಡಪಕ್ಕೆ ಒತ್ತಿ ಹಿಡ್ಕೊಂಡು ಬಿಡ್ತಾನೇ ಇರಲಿಲ್ಲ. ಎಡಗೈ ಎತ್ತಿಸೋಕೆ ಸಾಕುಸಾಕಾಯ್ತು."

ಎಡಪಕ್ಕೆ?

ಬಲಕ್ಕೂ ಪೆಟ್ಟು ಬಿದ್ದಿರಬಹುದು, ಹೃದಯ ಸರಿಯಾದ ಜಾಗದಲ್ಲೇ ಇದೆಯಲ್ಲ, ಇಪ್ಪತ್ತೆಂಟು ವರ್ಷ ಓದಿದವರಿಗಿಂತ ನೀನೇನು ದೊಡ್ಡವಳಾ, ಎಂದು ಗುಬ್ಬಿ ತನಗೆ ತಾನೇ ಹೇಳಿಕೊಂಡಳು. ಆದರೆ ಎಡಗಡೆ ತುಂಬಿದ ಗಾಳಿ ಹೃದಯವನ್ನೇ ಬಲಕ್ಕೆ ತಳ್ಳಿದ್ದರೆ? ಆ ಫಿಲ್ಮನ್ನು ಹಿಂದುಮುಂದಾಗಿ ಹಾಕಿದ್ದರೆ? ಆಗ ಹೃದಯ ತನ್ನ ಜಾಗದಲ್ಲೇ ಇದ್ದಂತೆ ಕಾಣುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಹಾಕಿದವಳು ಅವಳೇ.

ಹೇಳಬೇಕು. ಆದರೆ ಸಿಡಿಲಮ್ಮ ಆಗಲೇ ಬೇರೆ ಯಾವುದೋ ಮೂಳೆಯ ಕಥೆ ಶುರುಮಾಡಿದ್ದರು. ಹೇಳಿದರೆ ಎಲ್ಲರೆದುರು ಮಾನ ಹೋಗುತ್ತದೆ, ಹೇಳದಿದ್ದರೆ ಅಲ್ಲಿ ಒಬ್ಬನ ಜೀವ. ಇಷ್ಟು ಗೊತ್ತಿದ್ದೂ ಅವಳ ಕಾಲು ಕೀಳಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ! ಅರ್ಧ ನಿಮಿಷವೇ ಇರಬೇಕು, ಆದರೆ ಅರ್ಧ ನಿಮಿಷ ಉಸಿರಿಲ್ಲದವನಿಗೆ ಅದೆಷ್ಟು ಉದ್ದವೆಂದು ನೆನೆದಾಗ ಅವಳು ಹೋಗಿ ಫಿಲ್ಮಿಗೆ ಕೈ ಹಾಕಿದಳು.

"ಏನಮ್ಮಾ ಅದು?" ಸಿಡಿಲಮ್ಮ ಗದರಿದರು.

ಅವಳು ಫಿಲ್ಮನ್ನು ಕೆಳಕ್ಕೆ ಜಗ್ಗಿದಳು. ಕ್ಲಿಪ್ಪಿನ ಅಡಿಯಿಂದ ಸೀಸದ ಅಕ್ಷರ ಹೊರಬಂತು, ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡು.

ಅಕ್ಷರ ಕಂಡದ್ದೇ ಸಿಡಿಲಮ್ಮ ಎಮರ್ಜೆನ್ಸಿಗೆ ಫೋನು ತಿರುಗಿಸಿದರು. ಎಂಗೇಜ್. ಮತ್ತೆ ತಿರುಗಿಸಿದರು. ಎಂಗೇಜ್. "ನನ್ನ ಮಂಡಿ ಓಡಲ್ಲ. ನೀನು ಓಡು! ಎಡ ಅಂತ ಹೇಳು!"

ಗುಬ್ಬಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಉದ್ದನೆಯ ಓಣಿ, ಒದ್ದೆ ನೆಲ, ಒರೆಸುವವಳ ಬಕೆಟ್ಟು, ಎರಡು ಮೆಟ್ಟಿಲು ಸಾಲು. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಬಿಳಿ ಬಟ್ಟೆ ಹೊದಿಸಿದ ಒಂದು ದೇಹ ಮಾತ್ರ.

ಎಮರ್ಜೆನ್ಸಿಯ ಪರದೆ ಸರಿಸಿದಾಗ ಸರ್ಜನ್ ಬಾಗಿದ್ದರು. ಬಲಪಕ್ಕೆಗೆಲ್ಲ ಕಂದು ಔಷಧಿ ಹಚ್ಚಿತ್ತು. ಚರ್ಮ ಅರ್ಧ ಇಂಚು ಸೀಳಿತ್ತು.

"ಎಡ!" ಅವಳ ಗಂಟಲಿನಿಂದ ಕಿರುಚಿದಂತೆ ಬಂತು. "ಎಡಗಡೆ ಸಾರ್! ಫಿಲ್ಮ್ ತಿರುಗಿಸಿ ಹಾಕಿದ್ದೆ. ನಾನೇ ಹಾಕಿದ್ದು!"

ಸರ್ಜನ್ ಅವಳನ್ನೊಮ್ಮೆ, ರೋಗಿಯನ್ನೊಮ್ಮೆ ನೋಡಿದರು. ಚಾಕು ಬಿಟ್ಟು ಸ್ಟೆತಸ್ಕೋಪ್ ಎಡಕ್ಕಿಟ್ಟರು, ಬಲಕ್ಕಿಟ್ಟರು. "ಆಗಲೇ ಕಿವಿಗೆ ಅನುಮಾನ ಬಂದಿತ್ತು," ಎಂದರು, ಯಾರಿಗೂ ಅಲ್ಲದಂತೆ. "ಎಕ್ಸ್‌ರೇ ಮೇಡಂ ಹೇಳಿದ ಮೇಲೆ ತಪ್ಪಿರಲ್ಲ ಅಂತ ಸುಮ್ಮನಾದೆ. ಸಿಸ್ಟರ್, ಎಡಕ್ಕೆ!"

ಬಣ್ಣ ಹೊಡೆಯುವವನ ತುಟಿ ನೀಲಿಗಟ್ಟಿತ್ತು. ಉಗುರ ಸಂದಿಯಲ್ಲಿ ಹಳದಿ ಬಣ್ಣವಿದ್ದ ಅವನ ಕೈ ಗಾಳಿಯಲ್ಲಿ ಏನನ್ನೋ ತಡಕಾಡಿ ಗುಬ್ಬಿಯ ಮಣಿಕಟ್ಟನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಜಾಗವೇ ಇರಲಿಲ್ಲ. ಸರ್ಜನ್ ಎಡಪಕ್ಕೆ ಸೀಳಿ ನಳಿಕೆ ತೂರಿಸಿದರು. ರಕ್ತ ಕಂಡಿತು, ಗುಬ್ಬಿಯ ಕಣ್ಣು ಮಂಜಾಯಿತು. ಬೀಳಬಾರದು, ಈಗ ಬೀಳಬಾರದು ಎಂದು ಹಲ್ಲು ಕಚ್ಚಿ ನಿಂತಳು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂಥ ಸದ್ದು. ಸ್ವಲ್ಪ ಹೊತ್ತಿಗೆ ಅವಳ ಕೈ ಹಿಡಿದಿದ್ದ ಬೆರಳುಗಳು ಸಡಿಲವಾದವು. ಅವಳು ಬೆಚ್ಚಿ ಅವನ ಮುಖದತ್ತ ಬಾಗಿದಳು. ಆಮೇಲೆ ನೋಡಿದರೆ ಅವನು ಉಸಿರಾಡುತ್ತಿದ್ದ.

ವಾಪಸ್ಸು ಬಂದಾಗ ಕೋಣೆ ಖಾಲಿಯಾಗಿತ್ತು. ಉಳಿದವರನ್ನು ಕಳಿಸಿಬಿಟ್ಟಿದ್ದ ಸಿಡಿಲಮ್ಮ, ವಿಭಾಗದ ದಪ್ಪ ಪುಸ್ತಕದಲ್ಲಿ ಬರೆಯುತ್ತಾ ಕೂತಿದ್ದರು.

"ಇದ್ದಾನಾ?"

"ಇದ್ದಾರೆ ಮೇಡಂ. ಬಲಗಡೆ ಒಂದು ಹೊಲಿಗೆ ಬಿತ್ತು." ಅವಳಿಗೆ ಅಳು ತಡೆಯಲಾಗಲಿಲ್ಲ. "ನಾನು ಸರಿಯಾಗಿ ಹಾಕಿದ್ರೆ..."

ಸಿಡಿಲಮ್ಮ ಪುಸ್ತಕವನ್ನು ಅವಳತ್ತ ತಿರುಗಿಸಿದರು. ತಪ್ಪು ಓದಿದವರು ಎಂಬಲ್ಲಿ ತಮ್ಮದೇ ಹೆಸರು ಬರೆದು ಸಹಿ ಹಾಕಿದ್ದರು. ಅಕ್ಷರಗಳು ವಕ್ರವಾಗಿದ್ದವು. "ಫಿಲ್ಮ್ ಯಾರು ಹಾಕಿದ್ದು ಅಂತ ಇಲ್ಲಿ ಯಾರೂ ಕೇಳಲ್ಲ. ಓದಿದ್ದು ಯಾರು ಅಂತ ಕೇಳ್ತಾರೆ."

ಫ್ಯಾನು ಕಿರಗುಟ್ಟುತ್ತಿತ್ತು. ಗುಬ್ಬಿ ತಡೆಯಲಾರದೆ ಕೇಳಿಬಿಟ್ಟಳು: "ಈ ಭಯ... ಯಾವತ್ತಾದ್ರೂ ಹೋಗುತ್ತಾ ಮೇಡಂ?"

"ಇಪ್ಪತ್ತೆಂಟು ವರ್ಷ ಹೋಗಿರಲಿಲ್ಲ ಮಗಳೇ," ಎಂದರು ಸಿಡಿಲಮ್ಮ. "ಇವತ್ತು ಬೆಳಿಗ್ಗೆ ಅರ್ಧ ಗಂಟೆ ಹೋಗಿತ್ತು."

ಎಕ್ಸ್‌ರೇ ಅಣ್ಣ ಇನ್ನೊಂದು ಒದ್ದೆ ಫಿಲ್ಮು ತಂದ. ಸಿಡಿಲಮ್ಮ ಕೈ ಚಾಚಿದರು, ಅವರ ಬೆರಳುಗಳೂ ನಡುಗುತ್ತಿದ್ದವು. ಗುಬ್ಬಿಯೇ ಅದನ್ನು ಈಸಿಕೊಂಡು, ಕ್ಲಿಪ್ಪಿನ ಹತ್ತಿರಕ್ಕೂ ಒಯ್ಯದೆ, ಮೊದಲು ಅಕ್ಷರ ಹುಡುಕತೊಡಗಿದಳು.