ಕಾಶೀಬಾಯಿಯ ಪಾಲಿನ ಬುಟ್ಟಿ

“ಮಷಿನ್ ಬ್ಯಾಡ,” ಎಂದು ಶಿವಪ್ಪ ಮಣ್ಣು ತಳ್ಳುವ ಯಂತ್ರದ ಮುಂದೆ ಕೋಲೂರಿ ನಿಂತುಬಿಟ್ಟ. “ಮಣ್ಣು ನಾವ ಹಾಕ್ತೀವಿ.”

ಶೆಫೀಲ್ಡಿನ ಸ್ಮಶಾನದ ನೌಕರ ಗಡಿಯಾರ ನೋಡಿಕೊಂಡ. ಮಗಳು ಭಾಗ್ಯಶ್ರೀ ಅಪ್ಪನ ತೋಳು ಹಿಡಿದಳು. “ಅಪ್ಪಾ, ಪ್ಲೀಸ್. ದೆ ಹ್ಯಾವ್ ಅನದರ್ ಫ್ಯೂನರಲ್ ಅಟ್ ತ್ರೀ.”

“ಮೂರಕ್ಕ ಇನ್ನೂ ಭಾಳ ಹೊತ್ತೈತಿ.”

ಲಿಂಗವಂತರ ಪದ್ಧತಿಯಂತೆ ಹೆಂಡತಿಯನ್ನು ಕೂರಿಸಿಯೇ ಮಣ್ಣು ಮಾಡಬೇಕೆಂದು ಎರಡು ದಿನ ಕೌನ್ಸಿಲಿನವರ ಜೊತೆ ಜಗಳವಾಡಿ ಅವನು ಸೋತಿದ್ದ. ಕಾಶೀಬಾಯಿ ಪೆಟ್ಟಿಗೆಯಲ್ಲಿ ಮಲಗಿಕೊಂಡೇ ಹೋಗಬೇಕಾಯಿತು. ಅಂಗೈಯಲ್ಲಿ ಇಷ್ಟಲಿಂಗ, ಹಣೆಗೆ ವಿಭೂತಿ, ಎದೆಯ ಮೇಲೆ ಬರ್ಮಿಂಗ್‌ಹ್ಯಾಮಿನಿಂದ ತರಿಸಿದ ಬಿಲ್ವಪತ್ರೆ. ಈ ಎರಡನೆಯ ಜಗಳವನ್ನಾದರೂ ಗೆಲ್ಲದೆ ಮುದುಕ ಅಲ್ಲಾಡುವವನಲ್ಲ ಎಂದು ನೌಕರನಿಗೂ ಅನ್ನಿಸಿರಬೇಕು, ಯಂತ್ರ ಆರಿಸಿ ಸಲಿಕೆ ತಂದುಕೊಟ್ಟ. ಬೂಟಿಗೆ ಪಾಲಿಶ್ ಹಾಕಿಕೊಂಡು ಬಂದಿದ್ದ ಅಲ್ಲಿನ ಕನ್ನಡಿಗ ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾಶೀಬಾಯಿಯ ಕಿರಿಯ ಗೆಳತಿ ಹೇಮಲತಾ ಫೋನನ್ನು ಗುಂಡಿಯ ಕಡೆ ತಿರುಗಿಸಿ ಹಿಡಿದಿದ್ದಳು. ಪರದೆಯಲ್ಲಿ ರಾಜಸ್ಥಾನದ ಮರುಭೂಮಿಯ ಒಂದು ಹಳ್ಳಿ. ಅಲ್ಲಿ ಆಗಲೇ ಸಂಜೆ. ಮಳೆಗೆ ಮುಂಚೆ ಹೆಂಗಸರು ನೆಲದೊಳಗೆ ನೀರು ಕೂಡಿಡುವ ಕುಂಡಕ್ಕಿಳಿದು ಹೂಳು ತೆಗೆಯುತ್ತಿದ್ದರು.

“ಅಂಕಲ್, ಕೆಲಸ ನಿಲ್ಲಿಸ್ಬೇಕಾ ಅಂತ ಅಲ್ಲಿಂದ ಧಾಪೂಬಾಯಿ ಕೇಳ್ತಿದಾರೆ.”

“ಬ್ಯಾಡ. ನಿಂದ್ರಸಿದ್ರ ನನ್ನ ಹೆಂಡ್ತಿ ಎದ್ದು ಬಂದು ಬೈತಾಳ.”

*

ಬುದ್ಧಿ ನೆಟ್ಟಗಿರುವವರು ಮೇ ತಿಂಗಳಲ್ಲಿ ಮರುಭೂಮಿಗೆ ಹೋಗುವುದಿಲ್ಲ. ಕಾಶೀಬಾಯಿ ಒಂಬತ್ತು ವರ್ಷ ಹೋದಳು. ಆಸ್ಪತ್ರೆಯ ವಾರ್ಡನ್ನು ರೋಟಾ ಎಂಬ ಪಾಳಿಪಟ್ಟಿ ಹಾಕಿ ಆಳಿದ ನರ್ಸು ಅವಳು. ನಿವೃತ್ತಳಾಗಿ ಪ್ರವಾಸ ಹೋದಾಗ ಬಸ್ಸು ಕೆಟ್ಟು ಆ ಹಳ್ಳಿಯಲ್ಲಿ ಒಂದು ದಿನ ಉಳಿದದ್ದೇ ನೆಪವಾಯಿತು. ಮರುವರ್ಷ ಹೊಸ ಕುಂಡಕ್ಕೆ ಎಂಜಿನಿಯರ್ ಗಂಡ ಬರೆದ ನಕ್ಷೆ, ಹೆಂಗಸರ ಕೆಲಸಕ್ಕೆ ತಾನೇ ಬರೆದ ರೋಟಾ, ಎರಡನ್ನೂ ಹಿಡಿದು ಅವರ ಸಭೆಯಲ್ಲಿ ಎದ್ದು ನಿಂತಳು.

“ಈ ವರ್ಷ ಒಂದು ಬುಟ್ಟಿ ಹೂಳು ಹೊತ್ತಿದ್ದೀಯಾ?” ಎಂದು ಆ ಹೆಂಗಸರ ಹಿರಿಯಳು ಧಾಪೂಬಾಯಿ ಕೇಳಿದಳು.

“ಇಲ್ಲ.”

“ಹಾಗಾದರೆ ಕೂತುಕೋ. ಹೂಳು ಹೊತ್ತವರಿಗೆ ಮಾತ್ರ ಇಲ್ಲಿ ಮಾತು.”

ಕೂಲಿಯವನಿಂದ ಹೊರಿಸುತ್ತೇನೆ ಎಂದಳು ಕಾಶೀಬಾಯಿ. ಬದಲಿ ನಡೆಯುವುದಿಲ್ಲ ಎಂದಳು ಧಾಪೂಬಾಯಿ. ಕಾಶೀಬಾಯಿಯ ಸಿಟ್ಟು ನೆತ್ತಿಗೇರಿತು. ಆದರೂ ಮರುದಿನ ಬೆಳಿಗ್ಗೆ ಸೀರೆ ಎತ್ತಿಕಟ್ಟಿ ಕುಂಡಕ್ಕಿಳಿದಳು. ನಕ್ಷೆಯನ್ನು ಹೆಂಗಸರೇ ತಿದ್ದಿದರು. ಮಳೆನೀರು ಹರಿದುಬರುವ ದಾರಿ ಗೊತ್ತಿದ್ದವರು ಅವರು. ರೋಟಾ ಒಲೆಗೆ ಹೋಯಿತು.

ಈಚೆಗೆ ಅವಳಿಗೆ ಒಂದೇ ಚಿಂತೆ. ಮರಳುದಿಬ್ಬದ ಆಚೆ ಹಾವಾಡಿಗರ ಐದು ಮನೆಗಳಿದ್ದವು. ಕುಂಡವಿಲ್ಲದ ಅವರು ಪ್ರತಿ ಬೇಸಿಗೆಯಲ್ಲೂ ಆಡುಗಳನ್ನು ಮಾರಿ ಊರು ಬಿಡುತ್ತಿದ್ದರು. ಊರ ಕುಂಡದಲ್ಲಿ ಪಾಲಿಲ್ಲದ್ದರಿಂದ ಹೂಳು ಹೊರುವಂತಿಲ್ಲ, ಹೊರದಿರುವುದರಿಂದ ಸಭೆಯಲ್ಲಿ ಮಾತಿಲ್ಲ. ಮುಂದಿನ ಕುಂಡ ಅವರಿಗಾಗಲಿ ಎಂದು ಕಾಶೀಬಾಯಿ ಎರಡು ವರ್ಷ ಹೇಳಿದಳು. ಒಪ್ಪಿದವರು ಅಲ್ಲಿ ಕೈ ಎತ್ತುವುದಿಲ್ಲ, ತಮ್ಮ ಬುಟ್ಟಿಯನ್ನು ಕವುಚಿಡುತ್ತಾರೆ. ಎರಡು ವರ್ಷವೂ ಬುಟ್ಟಿಗಳು ಸಾಲಲಿಲ್ಲ. ಧಾಪೂಬಾಯಿಯದಂತೂ ಮಿಸುಕಲಿಲ್ಲ.

*

“ಶುಕ್ರವಾರ ಸಭಾ ಐತಿ,” ಎಂದಳು ಕಾಶೀಬಾಯಿ, ಹೋದ ವಾರ, ಆಸ್ಪತ್ರೆಯ ಹಾಸಿಗೆಯಲ್ಲಿ.

“ಹಾಗಾದ್ರೆ ಫೋನ್ ಮಾಡು ಅಮ್ಮ. ಜಸ್ಟ್ ಟೆಲ್ ದೆಮ್.”

“ಈ ವರ್ಷ ನಾ ಬುಟ್ಟಿ ಹೊತ್ತಿಲ್ಲಲ್ಲವ್ವಾ. ಹೆಂಗ ಮಾತಾಡ್ಲಿ?”

“ಯೂ ಹ್ಯಾವ್ ಕ್ಯಾನ್ಸರ್!”

“ಸಿಕ್ ಲೀವ್ ಕೊಡಾಕ ಅದೇನು ನನ್ನ ವಾರ್ಡೇನು?” ನಗಲು ಹೋಗಿ ಕೆಮ್ಮಿದಳು. “ಈ ವರ್ಷಾನೂ ಆಡು ಮಾರ್ತಾರ, ಪಾಪ.”

ಭಾಗ್ಯಶ್ರೀಗೆ ಸಿಟ್ಟೂ ಬಂತು, ಅಳುವೂ ಬಂತು. ಸಾಯುವಾಗಲೂ ಅಮ್ಮನಿಗೆ ತನಗಿಂತ ಆ ಆಡುಗಳೇ ಹೆಚ್ಚಾದವಲ್ಲ ಎಂದು ಹೊಟ್ಟೆ ಉರಿಯಿತು.

*

ಹಸಿ ಜೇಡಿಮಣ್ಣು ಸಲಿಕೆ ಬಿಟ್ಟು ಬರುತ್ತಿರಲಿಲ್ಲ. ಭಾಗ್ಯಶ್ರೀ ಸಲಿಕೆ ಬಿಸಾಕಿ, ಮೊಣಕಾಲೂರಿ ಕೈಯಲ್ಲೇ ಹಾಕತೊಡಗಿದಳು. ಅದನ್ನು ನೋಡಿ ಡಾಕ್ಟರುಗಳೂ ಅಂಗಿಯ ತೋಳು ಮಡಿಸಿದರು.

“ಭಾಗ್ಯಾ, ಇಲ್ನೋಡು,” ಎಂದು ಹೇಮಲತಾ ಕೂಗಿದಳು.

ಪರದೆಯಲ್ಲಿ, ಕೆಲಸ ಮುಗಿಸಿದ ಹೆಂಗಸರು ಶುಕ್ರವಾರದ ಸಭೆಗೆಂದು ಸುತ್ತ ಕೂತಿದ್ದರು. ಧಾಪೂಬಾಯಿ ತನ್ನ ಬುಟ್ಟಿಯನ್ನು ಬರಿದುಮಾಡಿ ಕೂರುವ ಜಾಗದಲ್ಲಿಟ್ಟಳು. ಆದರೆ ಕೂರಲಿಲ್ಲ. ಇನ್ನೊಂದು ಬುಟ್ಟಿ ತೆಗೆದುಕೊಂಡು, ನೋಯುವ ಮಂಡಿಯನ್ನು ಒತ್ತಿಹಿಡಿದು ಮತ್ತೆ ಕುಂಡದ ಮೆಟ್ಟಿಲಿಳಿದಳು. ಹೂಳು ಹೊತ್ತು ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ಬದಲಿ ನಡೆಯುವುದಿಲ್ಲ ಎಂದವಳು ಅವಳೇ. ಆ ಬುಟ್ಟಿಯನ್ನೂ ಬರಿದುಮಾಡಿ, ಕಾಶೀಬಾಯಿ ಕೂರುತ್ತಿದ್ದ ಜಾಗದಲ್ಲಿಟ್ಟು, ತಮ್ಮ ಕಡೆಯ ಫೋನನ್ನು ಅದಕ್ಕೆ ಒರಗಿಸಿದಳು.

“ಕಾಶಿಯ ಬುಟ್ಟಿ ಬಂತು,” ಎಂದಳು. “ಹೇಳು ಮಗಳೇ.”

ಭಾಗ್ಯಶ್ರೀ ಕೆಸರುಗೈಯಲ್ಲೇ ಫೋನ್ ತೆಗೆದುಕೊಂಡಳು. “ಅಪ್ಪಾ, ಹಾವಾಡಿಗರಿಗೆ ಹಿಂದೀಲಿ ಏನಂತಾರೆ?”

“ಸಪೇರಾ,” ಎಂದ ಶಿವಪ್ಪ.

ಹರುಕುಮುರುಕು ಹಿಂದಿಯಲ್ಲಿ ಅವಳು ಹೇಳಿದಳು: ಸಪೇರಾಗಳು, ದಿಬ್ಬದ ಆಚೆ, ಐದು ಮನೆ, ಹೊಸ ಕುಂಡ ಅಲ್ಲಿ. ಅಮ್ಮ ಹೇಳಿದ್ದು.

ಆ ಕಡೆ ಧಾಪೂಬಾಯಿ ತನ್ನ ಬುಟ್ಟಿಯನ್ನು ನಿಧಾನವಾಗಿ ಕವುಚಿದಳು. ಆಮೇಲೆ ಅವಳ ಪಕ್ಕದವಳು. ಪರದೆಯ ಉಳಿದರ್ಧಕ್ಕೆ ಶೆಫೀಲ್ಡಿನ ಕೆಸರು ಮೆತ್ತಿಕೊಂಡು, ಮಿಕ್ಕವರ ಬುಟ್ಟಿಗಳು ಕಾಣುತ್ತಿರಲಿಲ್ಲ. ಭಾಗ್ಯಶ್ರೀ ಅದನ್ನು ಕೋಟಿನ ತೋಳಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.