ಮೊದಲು ಕರಡಿಗೆ

"ಏ ಕರಡಿ, ಎಲ್ಲಿ ಸತ್ತಿದ್ದೀಯೇ? ಕೈ ತಗೊಂಡ್ ಬಾರೇ ಇಲ್ಲಿ!"

ಕೈ ಬಿಟ್ಟು ಬಾ ಅಂದಿದ್ದರೆ ಕಷ್ಟವಾಗುತ್ತಿತ್ತು. ತಗೊಂಡು ಬಾ ಅಂದದ್ದರಿಂದ ಕರಡಿ ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿ, ತೋಳು ಮೇಲೇರಿಸಿಕೊಂಡು ಪರದೆ ಸರಿಸಿದಳು. ಒಳಗೆ ಎತ್ತರದ ಮಂಚದ ಮೇಲೆ ಹೊಸ ಗಿರಾಕಿಯೊಬ್ಬಳು ಮೊಣಕಾಲ ತನಕ ಬಟ್ಟೆ ಎತ್ತಿಕೊಂಡು, ಹಲ್ಲು ಕೀಳಿಸಲು ಬಂದವಳ ಮುಖ ಮಾಡಿ ಕೂತಿದ್ದಳು. ಪಾರ್ಲರಿನ ಒಡತಿ ಮರದ ಕಡ್ಡಿಯಲ್ಲಿ ವ್ಯಾಕ್ಸ್ ಎತ್ತಿ ತಿರುವುತ್ತಿದ್ದಳು. ಅದು ಜೇನಿನ ಹಾಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು.

"ಹೆದರ್ಕೋಬೇಡಿ ಅಮ್ಮಾ. ನಮ್ಮಲ್ಲಿ ಒಂದು ಪದ್ಧತಿ ಇದೆ. ಮೊದಲು ನಮ್ಮ ಹುಡುಗಿ ಕೈ, ಆಮೇಲೆ ನಿಮ್ಮ ಕಾಲು. ನಿಮ್ಮ ಚರ್ಮ ನಮ್ಮ ಹೊಣೆ."

ಕಡ್ಡಿ ಕರಡಿಯ ಕೈ ಮೇಲೆ ಹರಿಯಿತು. ಒಲೆಯಿಂದ ಈಗಷ್ಟೇ ಇಳಿಸಿದ ಪಾತ್ರೆ ಮುಟ್ಟಿದ ಹಾಗಾಯಿತು. ಒಡತಿ ಬಟ್ಟೆಯ ಪಟ್ಟಿ ಒತ್ತಿ, ಸರ್ರನೆ ಎಳೆದಳು.

ಕರಡಿ ನಕ್ಕಳು. ನಗಬೇಕೆಂಬುದು ಕೆಲಸದ ಕರಾರು.

"ನೋಡಿದ್ರಾ? ಹೂವು ಇಟ್ಟ ಹಾಗೆ," ಅಂದಳು ಒಡತಿ. ಗಿರಾಕಿ ನಿಟ್ಟುಸಿರು ಬಿಟ್ಟು ಕಾಲು ಚಾಚಿದಳು. ಅಷ್ಟರಲ್ಲಿ ಕಡ್ಡಿಯ ವ್ಯಾಕ್ಸ್ ಆರಿ ಹದಕ್ಕೆ ಬಂದಿತ್ತು. ಗುಟ್ಟೆಲ್ಲ ಅಷ್ಟರಲ್ಲೇ ಇತ್ತು: ಕುದಿ ಕರಡಿಗೆ, ಹದ ಗಿರಾಕಿಗೆ.

ಈ ಪದ್ಧತಿ ಹುಟ್ಟಿದ್ದು ಹೀಗೆ. ವ್ಯಾಕ್ಸ್ ಕಾಯಿಸುವ ಹೀಟರಿನ ತಿರುಪು ಕೆಟ್ಟು, ಅದು ಯಾವಾಗ ಬೆಚ್ಚಗಿರುತ್ತದೆ, ಯಾವಾಗ ಕೊತಕೊತ ಕುದಿಯುತ್ತದೆ ಎಂಬುದು ಅದರ ಮರ್ಜಿಗೆ ಬಿಟ್ಟದ್ದಾಗಿತ್ತು. ಒಮ್ಮೆ ಗಿರಾಕಿಯೊಬ್ಬಳ ಕಾಲಲ್ಲಿ ಬೊಬ್ಬೆ ಎದ್ದು, ಅವಳ ಗಂಡ ಬಂದು ಕನ್ನಡಿ ಒಡೆದು ಹೋದ. ಒಡತಿ ಹೊಸ ಕನ್ನಡಿ ಹಾಕಿಸಿದಳು. ಹೀಟರನ್ನು ಮಾತ್ರ ರಿಪೇರಿ ಮಾಡಿಸಲಿಲ್ಲ. ಹುಡುಗಿಯೊಬ್ಬಳನ್ನು ಕೆಲಸಕ್ಕೆ ಸೇರಿಸಿಕೊಂಡಳು.

ಸೇರಿಸಿಕೊಳ್ಳುವಾಗ ಎಷ್ಟು ಓದಿದ್ದೀಯೆಂದು ಕೇಳಲಿಲ್ಲ. ಕೈ ಚಾಚು ಅಂದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕಪ್ಪಗೆ ಒತ್ತಾಗಿ ಬೆಳೆದ ಕೂದಲು ಕಂಡು, ಕಳೆದ ಒಡವೆ ಸಿಕ್ಕವಳ ಹಾಗೆ ಮುಖ ಅರಳಿಸಿದಳು.

"ಅಬ್ಬಬ್ಬಾ, ಕರಡಿ ಕಣೇ ನೀನು! ನಾಳೆಯಿಂದಲೇ ಬಾ."

ಶಾಲೆಯಲ್ಲಿ ಇದೇ ಕೂದಲಿಗೆ ಹುಡುಗರು ನಗುತ್ತಿದ್ದರು. ಅವಳು ಶಾಲೆ ಬಿಟ್ಟದ್ದಕ್ಕೆ ಅದೂ ಒಂದು ನೆವ. ಅಂಥ ಕೂದಲೇ ಕೆಲಸ ಕೊಡಿಸಿತಲ್ಲ ಎಂದು ಅವಳು ಆ ದಿನ ಮನೆಯವರೆಗೂ ತನ್ನಷ್ಟಕ್ಕೆ ನಗುತ್ತಾ ಹೋಗಿದ್ದಳು. ಮಾತು ಕಡಿಮೆ. ಅವಳ ದನಿ ಹೇಗಿದೆ ಎಂಬುದು ಪಾರ್ಲರಿನ ಗೋಡೆಗಳಿಗೂ ಗೊತ್ತಿರಲಿಲ್ಲ.

ಅವಳಿಗೆ ಕೆಲಸ ಕಲಿಸಿದವಳು ದೊಡ್ಡಕ್ಕ. ಪಾರ್ಲರಿನ ಅತಿ ಹಳೆಯ ಕೆಲಸದವಳು. ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟೇ ಹೊಲಸು.

"ಮೊದಲು ಕೇಳು, ಮುಖಕ್ಕೆ ಏನು ಕ್ರೀಮ್ ಹಚ್ತೀರಿ ಅಂತ. ಬಣ್ಣ ಬರ್ಸೋ ಕ್ರೀಮ್ ಹಚ್ಚೋರ ಚರ್ಮ ಈರುಳ್ಳಿ ಸಿಪ್ಪೆ ಇದ್ದಂಗೆ, ಪಟ್ಟಿ ಜೊತೆ ಎದ್ದು ಬರತ್ತೆ. ಆಮೇಲೆ ಪೌಡರ್ ಉದುರ್ಸು. ಕೂದಲು ಮಲಗಿರೋ ಕಡೆಗೆ ಹಚ್ಚು, ಎದುರು ಕಡೆಗೆ ಎಳಿ. ಎಳೆಯೋವಾಗ ಇನ್ನೊಂದು ಕೈಲಿ ಚರ್ಮ ಬಿಗಿ ಹಿಡಿ. ಎಳೆದ ತಕ್ಷಣ ಅಂಗೈ ಒತ್ತು. ಒತ್ತಿದ್ರೆ ಉರಿ ಅಲ್ಲೇ ಸತ್ತೋಗತ್ತೆ. ತಿಳೀತಾ?"

ಕರಡಿ ತಲೆಯಾಡಿಸಿದಳು. "ನನಗೆ ಯಾರೂ ಒತ್ತಲ್ಲ ಅಕ್ಕ," ಅಂದಳು.

ದೊಡ್ಡಕ್ಕ ಅವಳ ಕೈ ಎಳೆದುಕೊಂಡು ನೋಡಿದಳು. ಕೂದಲೆಲ್ಲ ಹೋಗಿ, ಮುಂಗೈ ಮಗುವಿನ ಕೆನ್ನೆಯ ಹಾಗೆ ನುಣ್ಣಗಾಗಿತ್ತು. ನಡುನಡುವೆ ಕೆಂಪು ಪಟ್ಟೆಗಳು. ಮಣಿಕಟ್ಟಿನ ಹತ್ತಿರ ಸಿಪ್ಪೆ ಸುಲಿದು ನೀರು ಒಸರುತ್ತಿತ್ತು.

"ಥೂ, ಅವಳ ಬಾಯಿಗೆ ಮಣ್ಣು ಹಾಕ! ಗಿರಾಕಿ ಕಾಲಿಗೆ ಹಿಂಗಾಗಿದ್ರೆ ಊರು ಎದ್ದು ಕೂರೋದು. ಕೂದಲೇ ಇಲ್ಲದ ಕೈ ಮೇಲೆ ಏನು ಕಿತ್ಕೊಂಡು ತೋರಿಸ್ತಾಳೇ ಆ ಮುಂಡೆ?"

"ನನ್ನ ನಗು ತೋರಿಸ್ತಾರೆ."

ದೊಡ್ಡಕ್ಕ ಬೈಯಲು ಬಾಯಿ ತೆರೆದವಳು ತಡೆಯಲಾರದೆ ನಕ್ಕುಬಿಟ್ಟಳು. ಕರಡಿಯೂ ನಕ್ಕಳು. ಇದು ಕರಾರಿನ ನಗುವಾಗಿರಲಿಲ್ಲ.

ಮನೆಯಲ್ಲಿ ಅಮ್ಮನ ಕಣ್ಣಿಂದ ಕೈ ಮರೆಸುವುದು ಸುಲಭವಿರಲಿಲ್ಲ. ಅಮ್ಮ ನಾಲ್ಕು ಬೀದಿಯ ಬಟ್ಟೆ ಇಸ್ತ್ರಿ ಮಾಡುವವಳು. ಸುಟ್ಟ ಕಲೆಯನ್ನು ಅಂಗಳದ ಆಚೆಯಿಂದಲೇ ಗುರುತಿಸುತ್ತಿದ್ದಳು.

"ಏನೇ ಅದು?"

"ವ್ಯಾಕ್ಸ್ ಕಾದಿದೆಯಾ ಅಂತ ನೋಡೋದಮ್ಮ."

"ಕೈ ಮೇಲಾ? ಇಸ್ತ್ರಿ ಪೆಟ್ಟಿಗೆ ಕಾದಿದೆಯಾ ಅಂತ ನಾನೂ ನೋಡ್ತೀನಿ. ನೀರು ಚಿಮುಕಿಸ್ತೀನಿ, ಚುಂಯ್ ಅಂದ್ರೆ ಸಾಕು. ನನ್ನ ಕೆನ್ನೆ ತಂದು ಇಡ್ತೀನೇನೇ?"

ಕರಡಿ ಅಂಗಿಗಳನ್ನು ಮಡಚತೊಡಗಿದಳು. ಅಮ್ಮ ಪೆಟ್ಟಿಗೆಯನ್ನು ನಿಲ್ಲಿಸಿ ಅವಳ ಗಲ್ಲ ಹಿಡಿದೆತ್ತಿದಳು.

"ಬಾಯಿ ಇಲ್ಲದ ಮಗಳನ್ನ ಹೆತ್ತೆ ನಾನು. ಮುಖಕ್ಕೇನಾದ್ರೂ ತಾಗಿಸ್ಕೊಂಡು ಬಂದ್ಯೋ, ಪೆಟ್ಟಿಗೆ ತಗೊಂಡು ನಾನೇ ಬರ್ತೀನಿ ಅಲ್ಲಿಗೆ. ಅವಳ ಮೂತಿಗೇ ಇಸ್ತ್ರಿ ಹಾಕ್ತೀನಿ."

ಮಾರನೆಯ ದಿನ ಭಾಷಣದಮ್ಮ ಬಂದಳು. ಆ ಹೆಸರು ಇಟ್ಟದ್ದು ದೊಡ್ಡಕ್ಕ. ಹೆಂಗಸರ ಕಷ್ಟದ ಮೇಲೆ ಸಭೆ ಸಭೆಗಳಲ್ಲಿ ಮಾತಾಡುವುದೇ ಆಕೆಯ ಉದ್ಯೋಗ. ಸಂಜೆ ದೊಡ್ಡ ಸಭೆಯಿತ್ತು. ಪಾರ್ಲರ್ ಕಿಕ್ಕಿರಿದಿತ್ತು. ಎರಡು ಕೋಣೆಗಳಲ್ಲೂ ಗಿರಾಕಿಗಳು, ಹೊರಗಿನ ಬೆಂಚಿನ ಮೇಲೂ ಗಿರಾಕಿಗಳು. ಹಲಗೆಯ ಅಡ್ಡಗೋಡೆಯ ಆಚೆ ದೊಡ್ಡಕ್ಕ ಯಾರದೋ ಕಾಲಿಗೆ ಪಟ್ಟಿ ಹಚ್ಚುತ್ತಿದ್ದಳು.

"ಇವತ್ತು ಕಾಲು ಬೇಡ ಕಣ್ರೀ," ಅಂದಳು ಭಾಷಣದಮ್ಮ, ಮಂಚದ ಮೇಲೆ ಕೂತು ಕನ್ನಡಿಯಲ್ಲಿ ಮೇಲ್ದುಟಿ ಉಬ್ಬಿಸಿ ನೋಡಿಕೊಳ್ಳುತ್ತಾ. "ಮೀಸೆ ತೆಗೀಬೇಕು. ವೇದಿಕೆ ಮೇಲೆ ಲೈಟು ಬಿದ್ರೆ ಎದ್ದು ಕಾಣತ್ತೆ. ಆದ್ರೆ ಮುಖದ ವಿಷಯ, ನನಗೆ ಭಯ. ಮೊದಲು ಅವಳಿಗೆ ಹಚ್ಚಿ."

"ಅದಕ್ಕೇನಂತೆ. ಕರಡೀ, ಕೈ..."

"ಕೈ ಯಾಕ್ರೀ? ಮುಖಕ್ಕೆ ಮುಖವೇ ಸರಿ. ಅವಳಿಗೂ ಮೀಸೆ ಇದೆಯಲ್ಲ, ನನಗಿಂತ ಚೆನ್ನಾಗಿದೆ!" ಭಾಷಣದಮ್ಮ ನಕ್ಕಳು. ಒಡತಿಯೂ ನಕ್ಕಳು.

ಕರಡಿ ಹೀಟರಿನ ಕಡೆ ನೋಡಿದಳು. ಬೆಳಗಿನಿಂದ ಆರಿಸಿರಲಿಲ್ಲ. ವ್ಯಾಕ್ಸಿನ ಮೇಲೆ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು.

"ಮೇಡಂ, ಕುದೀತಿದೆ," ಅಂದಳು. ಅವಳ ಬಾಯಿಂದ ಮಾತು ಬಂದದ್ದೇ ಒಡತಿಗೆ ಸೋಜಿಗ.

"ಓಹೋ, ಕರಡಿಗೂ ಬಾಯಿ ಬಂತು! ಕೂತ್ಕೊಳೇ ಮುಚ್ಕೊಂಡು. ನಿನ್ನ ಮುಖ ನೋಡೋಕೆ ಯಾವ ರಾಜಕುಮಾರ ಕಾಯ್ತಿದ್ದಾನೆ?"

"ಸ್ವಲ್ಪ ಆರಲಿ ಮೇಡಂ."

"ಅಮ್ಮಾವ್ರಿಗೆ ಸಭೆಗೆ ಹೊತ್ತಾಗತ್ತೆ. ಕೂರೇ ಅಂದ್ರೆ! ಇಷ್ಟ ಇಲ್ಲದಿದ್ರೆ ಎದ್ದು ಹೋಗು. ಬಾಗಿಲು ಅಲ್ಲೇ ಇದೆ. ನಿನ್ನಂಥ ಕರಡಿಗಳು ಬೀದಿ ತುಂಬ ಇದ್ದಾವೆ."

ಕರಡಿ ಕೂತಳು. ಒಡತಿ ಎಡಗೈಯಲ್ಲಿ ಅವಳ ಗಲ್ಲ ಹಿಡಿದು ಮೇಲೆತ್ತಿದಳು. ಬಲಗೈಯ ಕಡ್ಡಿ ಹೊಗೆಯಾಡುತ್ತಾ ಹತ್ತಿರ ಬಂತು. ಅದರ ಕಾವು ಮೂಗಿನ ತುದಿಗೆ ಬಡಿಯಿತು. ಭಾಷಣದಮ್ಮ ಚೆನ್ನಾಗಿ ಕಾಣಲೆಂದು ಕನ್ನಡಕ ಹಾಕಿಕೊಂಡಳು.

"ಹ್ಞೂಂ, ನಗು," ಅಂದಳು ಒಡತಿ.

ಕರಡಿ ಬಾಯಿ ಅಗಲಿಸಿದಳು. ಅಗಲಿಸಿದ ಬಾಯಿ ನಗುವಿನ ಹತ್ತಿರ ನಿಲ್ಲದೆ ಇನ್ನೂ ಅಗಲವಾಯಿತು. ಅದರೊಳಗಿಂದ, ಇಷ್ಟು ವರ್ಷ ಯಾರೂ ಕೇಳದ ದನಿ ಎದ್ದು ಬಂತು.

"ಅಯ್ಯಯ್ಯೋ ಅಮ್ಮಾ! ಸತ್ತೇ! ಸುಟ್ಟೇ ಹೋದೇ!"

ಹೀಟರಿನ ಪಕ್ಕದ ಪೌಡರ್ ಡಬ್ಬಿ ಉರುಳಿತು. ಒಡತಿಯ ಕೈ ಹಾರಿ, ಕಡ್ಡಿಯ ವ್ಯಾಕ್ಸ್ ಅವಳದೇ ಹೊಸ ಕುಪ್ಪಸದ ಮೇಲೆ ಉದ್ದಕ್ಕೂ ಇಳಿಯಿತು. ಆಚೆ ಕೋಣೆಯ ಗಿರಾಕಿ ಒಂದು ಕಾಲಲ್ಲಿ ಪಟ್ಟಿ ಹೊತ್ತು ಕುಂಟುತ್ತಾ ಹೊರಬಂದಳು. ಬೆಂಚಿನ ಮೇಲಿದ್ದವರು ಚೀಲ ಎತ್ತಿಕೊಂಡು ಚಪ್ಪಲಿ ಹುಡುಕತೊಡಗಿದರು. ಯಾರೋ "ಪಾಪ, ಮಗು ಮುಖ ಹೋಯ್ತಂತೆ" ಅಂದರು. ಬಾಗಿಲಲ್ಲಿ ಬೀದಿಯ ಜನ ಇಣುಕಿದರು. ಭಾಷಣದಮ್ಮ ಯಾವಾಗ ಮಂಚ ಇಳಿದಳೋ, ಎರಡೂ ಕೈಯಿಂದ ತನ್ನ ಮೀಸೆ ಮುಚ್ಚಿಕೊಂಡು ಗೋಡೆಗೆ ಅಂಟಿದ್ದಳು.

"ಏನಾಯ್ತೇ? ಅಷ್ಟು ಸುಡ್ತೇನೇ?" ಎಂದು ಬೆರಳ ಸಂದಿಯಿಂದ ಕೇಳಿದಳು.

ಕರಡಿ ತಿರುಗಿ ಮೆಲ್ಲಗೆ, ಎಂದಿನ ನಾಚಿಕೆಯ ದನಿಯಲ್ಲೇ ಹೇಳಿದಳು.

"ಇಲ್ಲಮ್ಮ. ಇನ್ನೂ ಹಚ್ಚಿಲ್ಲ."

"ಬಾಯಿ ಮುಚ್ಚೇ ದರಿದ್ರದೋಳೇ!" ಒಡತಿ ಮತ್ತೆ ಗಲ್ಲಕ್ಕೆ ಕೈ ಹಾಕಿದಳು. "ಎಲ್ಲರ ಎದುರಿಗೆ ಏನೂ ಆಗಿಲ್ಲ ಅನ್ನು. ನಗೇ! ನಗೇ ಅಂದ್ರೆ!"

ಕರಡಿ ಬಾಗಿಲಲ್ಲಿ ನಿಂತ ಮುಖಗಳನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡಳು. ಹಲಗೆಯ ಆಚೆ ದೊಡ್ಡಕ್ಕನೂ ದನಿಗೂಡಿಸಲು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು.