ಸೇದಿ ಮುಗಿದ ಹಾಳೆಗಳು

ನಾನೊಂದು ನಿಘಂಟು. ಇಂಗ್ಲಿಷ್ ಪದಕ್ಕೆ ಚೀನೀ ಭಾಷೆಯಲ್ಲಿ ಅರ್ಥ ಹೇಳುವುದು, ಆ ಪದವನ್ನು ಹೇಗೆ ಬಳಸಬೇಕೆಂದು ಒಂದೆರಡು ವಾಕ್ಯ ಕೊಟ್ಟು ತೋರಿಸುವುದು, ಇಷ್ಟೇ ನನ್ನ ಕಸುಬು. ಈಗ ಆ ಕಸುಬೂ ಇಲ್ಲ. ಬಳ್ಳಾರಿ ಸೀಮೆಯ ಒಂದು ಊರಿನಲ್ಲಿ, ಕ್ರೇನ್ ಆಪರೇಟರ್ ಹುಲಿಗೆಪ್ಪನ ಮನೆಯ ಗೋಡೆಗೂಡಿನಲ್ಲಿ, ರೇಷನ್ ಕಾರ್ಡಿನ ಪಕ್ಕ ಬಿದ್ದುಕೊಂಡಿದ್ದೇನೆ. ಕನ್ನಡ ನಿನಗೆ ಹೇಗೆ ಬಂತು ಎಂದು ಕೇಳಬೇಡಿ. ಅವನ ಹೆಂಡತಿ ಹಂಪಮ್ಮನ ಬಾಯಿ ನಡೆಯುವ ಮನೆಯಲ್ಲಿ ಹದಿನಾರು ವರ್ಷ ಕಳೆದರೆ ಕಲ್ಲಿಗೂ ಕನ್ನಡ ಬರುತ್ತದೆ.

ನಾನು ಹುಟ್ಟಿದ್ದು ಚೀನಾದ ಒಂದು ದೊಡ್ಡ ಪಟ್ಟಣದ ಅಚ್ಚುಕೂಟದಲ್ಲಿ. ಕಾಗದ ಎಷ್ಟು ತೆಳುವೆಂದರೆ ಒಂದು ಮಗ್ಗುಲಿನ ಅಕ್ಷರ ಇನ್ನೊಂದು ಮಗ್ಗುಲಿಗೆ ಕಾಣುತ್ತಿತ್ತು. ಹೊಲಿದು, ಅಂಟು ಹಚ್ಚಿ, ನೀಲಿ ರಟ್ಟು ಹಾಕಿದಾಗ ನನಗೆ ಜಂಬ ಬಂದದ್ದು ನಿಜ. ಲೋಕದ ಮಾತೆಲ್ಲ ನನ್ನ ಹೊಟ್ಟೆಯಲ್ಲಿದೆ ಅಂದುಕೊಂಡಿದ್ದೆ. ಹೊಸ ಪುಸ್ತಕಗಳೆಲ್ಲ ಹಾಗೇ ಅಂದುಕೊಳ್ಳುತ್ತವೆ.

ನನ್ನನ್ನು ಕೊಂಡವನು ಪಾನ್ ಗ್ವೇಷೆಂಗ್, ಸುಣ್ಣದ ಭಟ್ಟಿಯಲ್ಲಿ ದುಡಿಯುತ್ತಿದ್ದ ಇಪ್ಪತ್ತೆರಡರ ಹುಡುಗ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಪಾಸಾಗಬೇಕು, ಭಟ್ಟಿಯಿಂದ ಹೊರಗೆ ಬೀಳಬೇಕು ಎಂಬುದು ಅವನ ಹಟ. ಆ ಕಾಲದ ಹುಡುಗರಲ್ಲಿ ಒಂದು ಪದ್ಧತಿಯಿತ್ತು. ನಿಘಂಟಿನ ಒಂದು ಹಾಳೆ ಬಾಯಿಪಾಠ ಮಾಡುವುದು, ಮಾಡಿದ ಮೇಲೆ ಅದನ್ನು ಹರಿದು ಹಾಕುವುದು. ಹಿಂದಿರುಗಿ ನೋಡಲು ಹಾಳೆಯೇ ಇಲ್ಲವೆಂದಾದರೆ ತಲೆ ಮರೆಯುವುದಿಲ್ಲ ಎಂದು ಅವರ ನಂಬಿಕೆ. ಕೆಲವರು ಸುಟ್ಟರು, ಕೆಲವರು ಅಗಿದು ನುಂಗಿದರಂತೆ. ಗ್ವೇಷೆಂಗ್ ಮಾತ್ರ ನನ್ನ ತೆಳು ಹಾಳೆಯಲ್ಲಿ ಹೊಗೆಸೊಪ್ಪು ಸುತ್ತಿ ಸೇದಿದ. ದಿನಕ್ಕೊಂದು ಹಾಳೆ. ಎ ಮುಗಿಯಿತು, ಬಿ ಮುಗಿಯಿತು, ಸಿ ಅಂತೂ ಬೇಗ ಮುಗಿಯುವ ಅಕ್ಷರವಲ್ಲ, ಅದೂ ಮುಗಿಯಿತು. ಡಿ ಸೇದಿ ಮುಗಿಸುವ ಹೊತ್ತಿಗೆ ಪರೀಕ್ಷೆ ಬಂತು, ಅವನು ನಪಾಸಾದ. ಮರುವರ್ಷವೂ ನಪಾಸಾದ ಮೇಲೆ ನನ್ನನ್ನು ಅಕ್ಕಿಯ ಪೆಟ್ಟಿಗೆಯ ಹಿಂದೆ ಎಸೆದ. ಓದಿನ ಮೇಲಿನ ಸಿಟ್ಟು ನನ್ನ ಮೇಲೆ ಬಂತು. ನಾನೇನು ಮಾಡಲಿ, ಕಾಲುಭಾಗ ಹೋಗಿ ಬಡಕಲಾಗಿದ್ದೆ.

ಇಪ್ಪತ್ತು ವರ್ಷ ಕಳೆದ ಮೇಲೆ ಅವನ ಮಗಳು ಯೂಲಿಂಗ್ ನನ್ನನ್ನು ಹೊರಗೆಳೆದು ಧೂಳು ಒರೆಸಿದಳು.

“ಅಪ್ಪಾ, ಮುಂದಿನ ಹಾಳೆಗಳೆಲ್ಲಿ?”

“ನನ್ನ ತಲೆಯಲ್ಲಿವೆ. ಬೇಕಾದಾಗ ಕೇಳು,” ಅಂದ ಗ್ವೇಷೆಂಗ್.

ಸುಳ್ಳಲ್ಲ. ಎ ಇಂದ ಡಿ ತನಕ ಯಾವ ಪದ ಕೇಳಿದರೂ ಅರ್ಥವನ್ನೂ ಉದಾಹರಣೆಯನ್ನೂ ನಾನು ಹೇಳಿದ ಹಾಗೇ ಒಪ್ಪಿಸುತ್ತಿದ್ದ. ಅವು ಬಿಟ್ಟರೆ ಬೇರೆ ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಮಗಳು ಬೇರೆ ನಿಘಂಟು ಕೇಳಲೂ ಇಲ್ಲ. ಅಪ್ಪನನ್ನು ಕೇಳುವುದರಲ್ಲಿ ಅವಳಿಗೊಂದು ಸುಖವಿತ್ತು, ಹೇಳುವುದರಲ್ಲಿ ಅವನಿಗೊಂದು ಮರ್ಯಾದೆಯಿತ್ತು. ಹೀಗೆ ಅರ್ಧ ಪುಸ್ತಕ, ಅರ್ಧ ಅಪ್ಪ ಸೇರಿ ಅವಳನ್ನು ದುಭಾಷಿ ಮಾಡಿದೆವು.

ಮೊದಲ ನೌಕರಿಯೇ ಅವಳನ್ನು ಬಳ್ಳಾರಿಯ ಬಿಸಿಲಿಗೆ ತಂದು ನಿಲ್ಲಿಸಿತು. ಅಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದರು. ಮುನ್ನೂರು ಜನ ಚೀನೀ ಕೆಲಸಗಾರರು, ಸಾವಿರಾರು ಜನ ಈ ಕಡೆಯವರು, ನಡುವೆ ನಾಲ್ಕು ಜನ ದುಭಾಷಿಗಳು. ಆ ಧೂಳಿನಲ್ಲಿ ನನ್ನ ಹೊಲಿಗೆ ಸಡಿಲವಾಯಿತು. ದಿನಕ್ಕೆ ನೂರು ಸಲ ತೆರೆಯುವುದು, ಮುಚ್ಚುವುದು. ಎಣ್ಣೆಯ ಡ್ರಮ್ಮಿನ ಮೇಲೆ ನನ್ನನ್ನು ಹಾಸಿ, ಈ ಕಡೆಯವರು ಇಂಗ್ಲಿಷ್ ಪದದ ಮೇಲೆ ಬೆರಳಿಡುತ್ತಿದ್ದರು, ಆ ಕಡೆಯವರು ಕೆಳಗಿನ ಚೀನೀ ಅರ್ಥ ಓದುತ್ತಿದ್ದರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಕುರುಡರಿಬ್ಬರು ಒಂದೇ ಕೋಲು ಹಿಡಿದು ನಡೆದ ಹಾಗೆ ಕೆಲಸ ಸಾಗುತ್ತಿತ್ತು.

ಯೂಲಿಂಗ್ ಎಂಬ ಹೆಸರು ಈ ಜನರ ಬಾಯಲ್ಲಿ ಎರಡೇ ದಿನಕ್ಕೆ ಲಿಂಗಮ್ಮ ಆಯಿತು. ಅವಳೂ ನಗುತ್ತ ಒಪ್ಪಿಕೊಂಡಳು. ನೀರು, ಊಟ, ಸಾಕು, ಬೇಡ ಎಂದು ನಾಲ್ಕು ಕನ್ನಡ ಕಲಿತಳು.

ಅವಳ ಮುಖ್ಯ ಎಂಜಿನಿಯರ್ ಶಿಯಾ ಎಂಬವನು. ಕೆಟ್ಟವನಲ್ಲ, ಆದರೆ ಮೂಗಿನ ತುದಿಯಲ್ಲೇ ಕೋಪ. ಮೊದಲ ದಿನವೇ ದುಭಾಷಿಗಳನ್ನು ಸಾಲಾಗಿ ನಿಲ್ಲಿಸಿ ಹೇಳಿದ್ದ: “ನನಗೆ ಗೊತ್ತಿಲ್ಲ ಅನ್ನುವ ದುಭಾಷಿ ನನಗೆ ಬೇಡ. ಗೊತ್ತಿಲ್ಲ ಎನ್ನುವುದಕ್ಕೆ ಇಲ್ಲಿ ಬೇಕಾದಷ್ಟು ಜನರಿದ್ದಾರೆ.” ಆ ಮಾತು ಯೂಲಿಂಗಳ ಎದೆಯಲ್ಲಿ ನಾಟಿತು. ಅಂದಿನಿಂದ ಅವಳು ಗೊತ್ತಿಲ್ಲದ ಪದವನ್ನು ಮುಖದಲ್ಲಿ ತೋರಿಸಿಕೊಳ್ಳದೆ, ಸಂಜೆ ಬಂದು ನನ್ನಲ್ಲೋ ಫೋನಿನಲ್ಲಿ ಅಪ್ಪನಲ್ಲೋ ಹುಡುಕುತ್ತಿದ್ದಳು. ಬಹಳ ದಿನ ಅದರಿಂದ ಏನೂ ಕೆಡಲಿಲ್ಲ.

ಹುಲಿಗೆಪ್ಪ ಆಗ ಬಾಯ್ಲರಿನ ಬಳಿಯ ದೊಡ್ಡ ಕ್ರೇನ್ ಓಡಿಸುತ್ತಿದ್ದ. ಹದಿನೆಂಟು ವರ್ಷದಲ್ಲಿ ಅವನ ಕೈಯಿಂದ ಒಂದು ಬೋಲ್ಟೂ ಬಿದ್ದಿರಲಿಲ್ಲ. ಒಂದು ಸಂಜೆ ಪಾಳಿ ಮುಗಿಸಿ ಇಳಿದವನೇ ನೇರ ಯೂಲಿಂಗಳ ಬಳಿ ಬಂದ. “ಮೇಡಂ, ಕಪ್ಲಿಂಗ್ ಲೂಸ್. ಟೆಲ್ ಸಾರ್. ನೋ ಲಿಫ್ಟ್ ಟುಮಾರೋ,” ಅಂದ. ಮೋಟಾರಿಗೂ ಹಗ್ಗ ಸುತ್ತುವ ಗೇರಿಗೂ ನಡುವಿನ ಜೋಡಣೆಯೇ ಕಪ್ಲಿಂಗ್. ಅದು ಕಳಚಿದರೆ ಮೇಲಿದ್ದ ಭಾರ ಕೆಳಗೆ ಬರುತ್ತದೆ.

ಶಿಯಾ ಅಲ್ಲೇ ಇದ್ದ. “ಏನಂತೆ?” ಅಂದ.

“ಏನೋ ಸಡಿಲವಾಗಿದೆಯಂತೆ.”

“ಏನು ಸಡಿಲ?”

ಅವಳಿಗೆ ಆ ಪದ ಗೊತ್ತಿರಲಿಲ್ಲ. ಅವಳ ಬೆರಳು ನನ್ನ ಬೆನ್ನನ್ನು ಒತ್ತಿ ಹಿಡಿಯಿತು, ಬೆವರು ರಟ್ಟಿಗೆ ತಾಗಿತು. “ಚಿಕ್ಕ ಭಾಗ. ಅವನೇ ಬಿಗಿ ಮಾಡಿಕೊಳ್ಳುತ್ತಾನಂತೆ,” ಅಂದುಬಿಟ್ಟಳು. ನಾಳೆ ಎತ್ತಬೇಡಿ ಎಂದದ್ದನ್ನು ಹೇಳಿದರೆ ಶಿಯಾ ಮತ್ತೆ ಕಾರಣ ಕೇಳುತ್ತಾನೆಂದು ಅದನ್ನೂ ನುಂಗಿಕೊಂಡಳು. ಶಿಯಾ ತಲೆಯಾಡಿಸಿದ. ಅದನ್ನು ಕಂಡು ಹುಲಿಗೆಪ್ಪ, ಸಾಹೇಬರಿಗೆ ತಿಳಿಯಿತು, ರಾತ್ರಿ ಪಾಳಿಯವರು ಬಂದು ರಿಪೇರಿ ಮಾಡುತ್ತಾರೆ ಎಂದು ನಂಬಿ ಮನೆಗೆ ಹೋದ.

ಅಂದು ರಾತ್ರಿ ತಡವಾಗಿ ಕೋಣೆಗೆ ಬಂದ ಕೂಡಲೇ ಅವಳು ನನ್ನನ್ನು ತೆರೆದಳು. ಕಪ್ಲಿಂಗ್ ಸಿಗಬೇಕಾದ ಸಿ ಅಕ್ಷರದ ಜಾಗದಲ್ಲಿ ಹರಿದ ಅಂಚುಗಳು. ಫೋನು ಕೈಗೆತ್ತಿಕೊಂಡಳು. ಅಲ್ಲಿ ಅಪ್ಪ ಮಲಗಿ ಎಷ್ಟೋ ಹೊತ್ತಾಗಿರುತ್ತದೆ, ನಾಳೆ ಚಹಾದ ಹೊತ್ತಿಗೆ ಕೇಳಿದರಾಯಿತು ಎಂದು ಕೆಳಗಿಟ್ಟಳು.

ಚಹಾದ ಹೊತ್ತಿನವರೆಗೆ ಕೆಲಸ ಕಾಯಲಿಲ್ಲ. ಬೆಳಿಗ್ಗೆ ಎಂಟಕ್ಕೆ ಶಿಯಾ ಸಿಳ್ಳೆ ಊದಿಸಿದ. ರಿಪೇರಿ ಆಗಿದೆ ಎಂದುಕೊಂಡು ಹುಲಿಗೆಪ್ಪ ಪೈಪಿನ ಕಟ್ಟನ್ನು ಎತ್ತಿದ. ಎರಡಾಳು ಎತ್ತರಕ್ಕೆ ಹೋದ ಕಟ್ಟು ಕೆಳಗೆ ಬಂತು. ಕಾವ್ ಎಂಬ ಮುದಿ ಮೇಸ್ತ್ರಿಯ ಎಡಗಾಲು ಅದರಡಿ ಸಿಕ್ಕಿಕೊಂಡಿತು. ಆ ಕೂಗನ್ನು ನಾನು ಯೂಲಿಂಗಳ ಚೀಲದೊಳಗಿಂದ ಕೇಳಿದೆ. ಅದನ್ನು ಯಾರೂ ಯಾರಿಗೂ ಅನುವಾದ ಮಾಡಬೇಕಾಗಿರಲಿಲ್ಲ.

ಮರುದಿನ ವಿಚಾರಣೆ. ಸುರಕ್ಷತಾ ಅಧಿಕಾರಿ ಕೇಳಿದಾಗ ಹುಲಿಗೆಪ್ಪ ಕೈ ಮುಗಿದು ಹೇಳಿದ: “ನಾ ಹಿಂದಿನ ದಿನಾನ ಹೇಳೀನ್ರಿ. ಈ ಅಮ್ಮಗ ಹೇಳೀನಿ. ಕೇಳ್ರಿ ಬೇಕಾದ್ರ.”

ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ಯೂಲಿಂಗ್ ನೆಲ ನೋಡಿದಳು. ತಾನೇ ಬಿಗಿ ಮಾಡಿಕೊಳ್ಳುತ್ತೇನೆ ಎಂದು ಅವನು ಹೇಳಿದ್ದ ಎಂದಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು. ಹುಲಿಗೆಪ್ಪನ ಗೇಟ್ ಪಾಸು ಕಿತ್ತುಕೊಂಡರು. ಮನುಷ್ಯನ ಮೇಲೆ ಭಾರ ಕೆಡವಿದ ಆಪರೇಟರ್ ಎಂಬ ಹೆಸರು ಬಂದರೆ ಯಾವ ಸೈಟಿನವರೂ ಕ್ರೇನ್ ಹತ್ತಿಸುವುದಿಲ್ಲ. ಅವನ ಹದಿನೆಂಟು ವರ್ಷ ಒಂದೇ ಮಧ್ಯಾಹ್ನಕ್ಕೆ ಮಣ್ಣುಪಾಲಾಯಿತು.

ಆಮೇಲೆ ಅವನು ದಿನಾ ಪಾಳಿಯ ಹೊತ್ತಿಗೆ ಬಂದು ಗೇಟಿನೆದುರಿನ ಚಹಾದಂಗಡಿಯ ಬೆಂಚಿನಲ್ಲಿ ಕೂಡುತ್ತಿದ್ದ. ಗಲಾಟೆಯಿಲ್ಲ, ಬೈಗುಳವಿಲ್ಲ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಕಂಪನಿಯ ಬಸ್ಸು ಗೇಟು ದಾಟುವಾಗ ಯೂಲಿಂಗ್ ನನ್ನನ್ನು ತೆರೆದು ಮುಖದ ಮುಂದೆ ಹಿಡಿಯುತ್ತಿದ್ದಳು. ಒಂದಕ್ಷರವನ್ನೂ ಓದುತ್ತಿರಲಿಲ್ಲ. ಪದ ಹುಡುಕುವವರನ್ನು ನಾನು ಬೇಕಾದಷ್ಟು ನೋಡಿದ್ದೆ, ನನ್ನ ಹಿಂದೆ ಅವಿತುಕೊಂಡವರನ್ನು ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು.

ಹತ್ತನೆಯ ದಿನ ಅವಳು ಬಸ್ಸಿನಿಂದ ಇಳಿದಳು. ಬೆಂಚಿನ ಬಳಿ ಬುತ್ತಿ ತಂದಿದ್ದ ಹಂಪಮ್ಮನೂ ಇದ್ದಳು. ಯೂಲಿಂಗ್ ನನ್ನನ್ನು ತೆರೆದು ಹರಿದ ಅಂಚುಗಳನ್ನು ತೋರಿಸಿದಳು. ತನ್ನನ್ನು ತೋರಿಸಿಕೊಂಡಳು, ತಲೆಯಲ್ಲಾಡಿಸಿದಳು. “ಕಪ್ಲಿಂಗ್. ಐ ನೋ ನೋ,” ಅಂದಳು. ಕಲಿತ ಇಂಗ್ಲಿಷೆಲ್ಲ ಅಂದು ಅವಳ ಕೈಬಿಟ್ಟಿತ್ತು.

ಹಂಪಮ್ಮ ಸೆರಗು ಸಿಕ್ಕಿಸಿಕೊಂಡಳು. “ಅಲ್ಲಬೇ ಲಿಂಗಮ್ಮ, ನಿನ್ನ ಪುಸ್ತಕ ಹರಿದಿದ್ರ ನನ್ನ ಗಂಡನ ಅನ್ನ ಯಾಕ ಹರದಿ? ಹೊಟ್ಟಿಗೆ ಏನ್ ತಿಂತೀ ನೀನು?”

“ಸುಮ್ನಿರು,” ಎಂದ ಹುಲಿಗೆಪ್ಪ. ಹರಿದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಅವಳಿಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದ: “ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕವ್ವ. ಅಷ್ಟ. ಗೊತ್ತಿಲ್ಲ. ಅದನ್ನ ಅಂದಿದ್ರ ನಾ ಕೈ ಹಿಡಕೊಂಡು ಹೋಗಿ ತೋರಸ್ತಿದ್ದೆ.”

“ಗೊತ್ತಿಲ್ಲ,” ಎಂದಳು ಯೂಲಿಂಗ್. ಅದು ಅವಳ ಐದನೆಯ ಕನ್ನಡ ಮಾತು. ಅದನ್ನು ಹೇಳುತ್ತಲೇ ಅತ್ತಳು.

ಅಂದೇ ಅವಳು ಶಿಯಾನ ಮೇಜಿನ ಮೇಲೆ ನನ್ನನ್ನಿಟ್ಟು ಎಲ್ಲವನ್ನೂ ಹೇಳಿದಳು. ಹುಲಿಗೆಪ್ಪ ಸರಿಯಾಗಿ ಎಚ್ಚರಿಸಿದ್ದ, ಪದ ಗೊತ್ತಾಗದೆ ನಾನೇ ಬೇರೆ ಹೇಳಿದೆ ಎಂದಳು. ಶಿಯಾ ನನ್ನ ಹರಿದ ಕಡೆಯನ್ನು ನೋಡಿದ. ಅವನ ಮುಖದ ಬಣ್ಣ ಇಳಿಯಿತು.

“ನನಗೆ ಗೊತ್ತಿಲ್ಲ ಎಂದು ಅವತ್ತೇ ಹೇಳಲು ನಿನಗೇನಾಗಿತ್ತು?” ಎಂದ.

ಉತ್ತರ ಅವನಿಗೂ ಗೊತ್ತಿತ್ತು. ಮೊದಲ ದಿನದ ಆ ಸಾಲಿನಲ್ಲಿ ನಿಂತವರೆಲ್ಲರಿಗೂ ಗೊತ್ತಿತ್ತು.

ಹುಲಿಗೆಪ್ಪನಿಗೆ ಪಾಸು ಮರಳಿ ಸಿಕ್ಕಿತು. ಯೂಲಿಂಗಳನ್ನು ಆ ವಾರವೇ ಊರಿಗೆ ಕಳಿಸಿದರು. ಕಾವ್ ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ. ಶಿಯಾನಿಗೆ ಏನೂ ಆಗಲಿಲ್ಲ. ಹೊರಡುವ ದಿನ ಅವಳು ನನ್ನನ್ನು ಹುಲಿಗೆಪ್ಪನ ಕೈಗಿಟ್ಟಳು. ಅಪ್ಪನಿಗೆ ಏನು ಹೇಳಿದಳೋ ನನಗೆ ತಿಳಿಯದು. ಸೇದಿದ ಹಾಳೆಯೊಂದು ಯಾರದೋ ಕಾಲು ಊನ ಮಾಡಿತೆಂದು ಆ ಮುದುಕನಿಗೆ ಹೇಳದಿದ್ದರೆ ಒಳ್ಳೆಯದು.

ನಾನೂ ಬಹಳ ಕಾಲ ತಪ್ಪನ್ನು ಆ ಹರಿದ ಹಾಳೆಯ ಮೇಲೇ ಹೊರಿಸಿ ಸಮಾಧಾನಪಟ್ಟೆ. ಈ ಗೂಡಿನಲ್ಲಿ ಯೋಚನೆಗೆ ಸಮಯ ಹೆಚ್ಚು, ಅದಕ್ಕೇ ಆ ಸಮಾಧಾನವೂ ಉಳಿಯಲಿಲ್ಲ. ಸಿ ಹೋಗಿದ್ದರೇನು, ಕೆ ಇತ್ತಲ್ಲ? ಕೆ ಇಂದ ಶುರುವಾಗುವ ‘ನೋ’, ಅಂದರೆ ತಿಳಿಯುವುದು, ಆ ಪದದ ಪುಟ ನನ್ನಲ್ಲಿ ಇವತ್ತಿಗೂ ಇದೆ, ಒಂದು ಮೂಲೆಯೂ ಮಡಚಿಲ್ಲ. ಅದರ ಕೆಳಗಿನ ಮೊದಲ ಉದಾಹರಣೆಯೇ ‘ನನಗೆ ಗೊತ್ತಿಲ್ಲ’ ಎಂಬ ವಾಕ್ಯ. ಹೇಗೆ ಬಳಸಬೇಕೆಂದೂ ಬರೆದಿದ್ದೇನೆ. ಬಳಸಿದರೆ ಏನಾಗುತ್ತದೆಂದು ಬರೆಯುವ ಪದ್ಧತಿ ನಿಘಂಟುಗಳಲ್ಲಿ ಇಲ್ಲ.

ಈಗ ನನ್ನ ರಟ್ಟು ಬಿಟ್ಟಿದೆ, ಗೆದ್ದಲು ಇ ಅಕ್ಷರಕ್ಕೆ ಬಾಯಿ ಹಾಕಿದೆ. ತಿನ್ನಲಿ, ಬೇಸರವಿಲ್ಲ. ಹೋದ ತಿಂಗಳು ಜನಗಣತಿಗೆಂದು ಒಬ್ಬ ಮೇಷ್ಟ್ರು ಬಂದಿದ್ದರು. ರೇಷನ್ ಕಾರ್ಡು ತೆಗೆಯುವಾಗ ನಾನು ಅವರ ಕಾಲಬುಡಕ್ಕೆ ಬಿದ್ದೆ. ಎತ್ತಿಕೊಂಡು ತಿರುವಿ ಹಾಕಿ, “ಇದೇನ್ರಿ ಇದು, ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಗೀಚಿದಂಗ ಐತಿ. ಏನ್ ಬರದಾರ ಇದರಾಗ?” ಎಂದು ಕೇಳಿದರು.

“ನಂಗ ಗೊತ್ತಿಲ್ರಿ ಸರ,” ಎಂದ ಹುಲಿಗೆಪ್ಪ.

ಎಂದು, ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾ ಕುಡಿದ.